ಮಾವನ ಹೆಸರಿಲ್ಲದ ಕೆಲಸಗಳು

ನಮ್ಮ ಸೋದರಮಾವ ಸೌತೆಕಾಯಿ ಕೊಳ್ಳುವುದಕ್ಕೂ ಕಂಪ್ಯೂಟರ್ ಪ್ರೋಗ್ರಾಂ ಬರೆದವರು ಎಂದರೆ ನೀವು ನಂಬುವುದಿಲ್ಲ. ಬೇಡಿ, ನಂಬಬೇಡಿ! ಅದನ್ನು ಸಂತೆಗೆ ಒಯ್ದು ಬೈಸಿಕೊಂಡವಳು ನಾನು.

ಎಪ್ಪತ್ತರ ದಶಕ. ಬೆಂಗಳೂರಿಗೆ ಹತ್ತಿರದ ವಿಜಯಪುರದ ನಮ್ಮ ಮನೆಯಲ್ಲಿ ಅಮ್ಮ ರೇಷ್ಮೆ ಗೂಡು ಆರಿಸುತ್ತಿದ್ದಳು, ಮೆತ್ತಗಾದದ್ದು, ಕಲೆಯಾದದ್ದು ಬೇರೆ. ಕಣ್ಣು ಮಂಜಾಗುತ್ತ ಬಂದಿದ್ದರೂ ಮೊರ ಬಿಟ್ಟುಕೊಟ್ಟಿರಲಿಲ್ಲ. ಅವಳ ತಮ್ಮ, ಅಂದರೆ ಮಾವ, ದಿನಾ ಬಸ್ಸು ಹತ್ತಿ ಬೆಂಗಳೂರಿನ ಒಂದು ಕಂಪ್ಯೂಟರಿನ ಸೇವೆಗೆ ಹೋಗುತ್ತಿದ್ದರು. ಅಲ್ಲಿ ಅವರಿಗೆ ಲ್ಯಾಂಬ್ಡಾ ಎಂಬ ಪ್ರೋಗ್ರಾಂ ವಿದ್ಯೆ ಮೈಮೇಲೆ ಬಂತು.

"ಹಂಗಂದ್ರೇನೋ?" ಅಮ್ಮ ಕೇಳಿದಳು.

"ದೊಡ್ಡ ಕೆಲ್ಸ ಮಾಡೋನ ಕೈಗೆ ಒಂದು ಪುಟ್ಟ ಕೆಲ್ಸ ಬರ್ದು ಕೊಟ್ಬಿಡೋದು ಅಕ್ಕ. ಆರ್ಸೋನು ಆರಿಸ್ತಾನೆ. ಹೆಂಗೆ ಆರಿಸ್ಬೇಕು ಅನ್ನೋದು ಚೀಟೀಲಿರತ್ತೆ. ಚೀಟಿ ಬದ್ಲಾಯ್ಸಿದ್ರೆ ಸಾಕು, ಆಳು ಅವನೇ."

"ಆ ಪುಟ್ಟ ಕೆಲ್ಸಕ್ಕೆ ಹೆಸರೇನು?"

"ಒಂದ್ಸಲ ಬಳಸೋದಕ್ಕೆ ಯಾರಾದ್ರೂ ನಾಮಕರಣ ಮಾಡ್ತಾರಾ?"

"ನಿಂಗೂ ಮಾಡ್ಬಾರ್ದಿತ್ತು!"

ಆಫೀಸಿನಲ್ಲಿ ಕಂಪ್ಯೂಟರಿಗೆ ಉಣಿಸಿ ಬಿಸಾಡಿದ, ತೂತು ಬಿದ್ದ ಕಾರ್ಡುಗಳೇ ಅವರ ಚೀಟಿ. ಆಗತಾನೇ ಟೀಚರಾಗಿದ್ದ ನನ್ನ ಕೈಗೊಂದು ಕೊಟ್ಟು ಸಂತೆಗೆ ಅಟ್ಟಿದರು: ‘ಸೌತೆಕಾಯಿ ತಗೋ. ತುದಿ ಕಚ್ಚು. ಕಹಿಯಾದರೆ ಬಿಡು, ಇಲ್ಲವಾದರೆ ಚೀಲಕ್ಕೆ ಹಾಕು.’ ಶಿಸ್ತಾಗಿ ಹನ್ನೊಂದು ಕಚ್ಚಿದೆ. ಹನ್ನೆರಡನೆಯದಕ್ಕೆ ಮಾರುವಾಕೆ ನನ್ನ ಜಡೆ ಹಿಡಿದಳು! ಮನೆಗೆ ಬಂದು ದೂರಿದರೆ ಮಾವ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದ್ರಲ್ಲಿ ತಪ್ಪಿಲ್ವಲ್ಲ!"

ಒಂದು ದಿನ ಅಮ್ಮ ಮೊರವನ್ನು ಪಕ್ಕಕ್ಕೆ ತಳ್ಳಿದಳು. "ಕಣ್ಣು ಕಾಣಲ್ಲ ಕಣೋ. ಇನ್ಮೇಲೆ ಕೂತು ತಿನ್ನೋದೇ ನನ್ನ ಹಣೇಬರ."

ಮಾವ ಕಾರ್ಡು ಬರೆದು ಗಟ್ಟಿಯಾಗಿ ಓದಿದರು: ‘ಗೂಡು ತಗೋ. ಹಿಸುಕು. ಮೆತ್ತಗಿದ್ದರೆ ಎಡಕ್ಕೆ, ಗಟ್ಟಿಯಿದ್ದರೆ ಬಲಕ್ಕೆ.’ ಆಮೇಲೆ ಅಂದರು, "ಆರ್ಸೋಳು ನೀನೇ ಅಕ್ಕ. ಚೀಟಿ ಮಾತ್ರ ಬೇರೆ."

ಅಮ್ಮ ಮತ್ತೆ ಕೂತಳು. ಆದರೆ ಗೂಡು ಗಟ್ಟಿಯೋ ಮೆತ್ತಗೋ ಬೆರಳಿಗೆ ತಿಳಿಯುತ್ತದೆ, ಅದರ ಮೇಲಿನ ಕಲೆ ತಿಳಿಯುತ್ತದೆಯೇ? ಸಂಜೆ ಬಸ್ಸಿಳಿದು ಬಂದ ಮಾವ, ಅಮ್ಮ ಒಳಗೆ ಹೋದೊಡನೆ, ಬಲಗಡೆಯ ಗುಡ್ಡೆಯಿಂದ ಕಲೆಯಾದ ಗೂಡುಗಳನ್ನು ಸದ್ದಿಲ್ಲದೆ ತೆಗೆಯುತ್ತಿದ್ದರು. ನನಗೂ ಒಂದು ಕಾರ್ಡು ಬಂತು: ‘ಅಕ್ಕ ಕೇಳಿದರೆ, ಒಂದೂ ಕಲೆಯಿರಲಿಲ್ಲ ಅನ್ನು.’

ಅಮ್ಮ ಕೇಳಲೇ ಇಲ್ಲ. ಒಂದು ಬೆಳಗ್ಗೆ ಮಾವ ಬಸ್ಸಿಗೆ ಹೋದ ಮೇಲೆ ನನ್ನನ್ನು ಹತ್ತಿರ ಕರೆದಳು.

"ನಿಮ್ಮಾವ ಸಂಜೆ ಕೂತು ಕಲೆ ಗೂಡು ತೆಗೀತಾನೆ, ಗೊತ್ತು ಕಣೆ. ನಾನು ಬಿಟ್ಟೋದ ಗುಡ್ಡೆ ಎಷ್ಟಿತ್ತು ಅಂತ ನನ್ನ ಕೈಗೆ ಗೊತ್ತಾಗಲ್ವಾ? ಅವ್ನು ಕೇಳಿದ್ರೆ, ಅಮ್ಮಂಗೆ ಏನೂ ಗೊತ್ತಿಲ್ಲ ಅನ್ನು."

ನನಗೆ ಅಳು ತಡೆಯಲಾಗಲಿಲ್ಲ.

ಅವತ್ತು ಸಂಜೆಯೇ ಮಾವ ಪಿಸುಗುಟ್ಟಿದರು, "ಅಕ್ಕಂಗೇನಾದ್ರೂ ಅನುಮಾನ ಬಂತಾ?"

"ಅಮ್ಮಂಗೆ ಏನೂ ಗೊತ್ತಿಲ್ಲ ಮಾವ."

ಅವರ ಮುಖ ಅರಳಿತು. ಅಂಗಿಯ ತೋಳು ಮಡಿಸಿಕೊಂಡು ಗುಡ್ಡೆಯ ಮುಂದೆ ಕೂತರು.