ಆ್ಯಪು, ಬಾಂಗಡೆ ಮತ್ತು ಓಟಿಪಿ

ಮೊಬೈಲು ಬಂದ ಮೇಲೆ ಜನರ ನಡುವೆ ಮಾತೇ ಕಡಿಮೆಯಾಯಿತು ಎನ್ನುವವರು ನಮ್ಮ ಸಹಾಯ ಕೇಂದ್ರದಲ್ಲಿ ಒಂದು ದಿನ ಕೂತು ನೋಡಬೇಕು. ಜಿಲ್ಲೆಯ ಯಾವ ಊರಿನ ಕಸ, ಗಟಾರ, ಬೀದಿದೀಪಕ್ಕೂ ಈಗ ಆ್ಯಪಿನಲ್ಲೇ ದೂರು ಕೊಡಬಹುದು. ಆ್ಯಪು ಅರ್ಥವಾಗದಿದ್ದರೆ ನನಗೆ ಫೋನು. ಅಂಕೋಲೆಯಿಂದ ದಿನಾ ಬಸ್ಸು ಹತ್ತಿ ಕಾರವಾರಕ್ಕೆ ಬಂದು ನಾನು ಮಾಡುವ ಕೆಲಸ ಇದೇ.

ನಿಂತುಬಿಟ್ಟ ಗಾಡಿ

ಕಸದ ಗಾಡಿ ಎಲ್ಲಿದೆ ಎಂದು ಮ್ಯಾಪಿನಲ್ಲಿ ಕಾಣುತ್ತದೆ. ಒಂದು ಮಧ್ಯಾಹ್ನ ಹೆಂಗಸೊಬ್ಬರು ಫೋನು ಮಾಡಿ, "ಗಾಡಿ ಆಗಿನಿಂದ ಒಂದೇ ಕಡೆ ನಿಂತದೆ" ಎಂದರು.

"ನಿಮ್ಮ ಮನೆ ಕಸ ಒಯ್ದಿಲ್ವಾ ಅಕ್ಕಾ?"

"ಕಸ ಬೆಳಿಗ್ಗೆನೇ ಹೋಯ್ತು. ಆ ಗಾಡಿ ಓಡಿಸೂದು ನಮ್ಮ ಮನೆಯವರು. ಊಟಕ್ಕೆ ಬರೂವಾಗ ಗಾಡಿ ನಮ್ಮ ತಿರುವು ದಾಟಿದ ಮೇಲೆ ನಾನು ಬಾಂಗಡೆ ಮೀನು ಕಾವಲಿಗೆ ಹಾಕೂದು. ಇವತ್ತು ಹಾಕಿಯಾಯ್ತು, ಗಾಡಿ ಬರೂದಿಲ್ಲ."

ಡ್ರೈವರಿಗೆ ಫೋನು ಮಾಡಿದೆ. ಚಾ ಅಂಗಡಿಯಲ್ಲಿ ಹರಟುತ್ತಿದ್ದ ಆತ ವಿಷಯ ಕೇಳಿ ಮನೆಗೆ ಓಡಿದ. ಮರುದಿನ ಕೇಂದ್ರಕ್ಕೇ ಬಂದು ಮೆಲ್ಲಗೆ ವಿಚಾರಿಸಿದ: "ಸರ್, ಮ್ಯಾಪಿನಲ್ಲಿ ಗಾಡಿ ಮಾತ್ರ ಕಾಣ್ತದೋ, ನಾವೂ ಕಾಣ್ತೇವೋ?"

ಕಪ್ಪು ಫೋಟೊ

ಅಂಕೋಲೆಯ ನಮ್ಮ ಪಕ್ಕದ ಮನೆಯ ಮಾಮಾ ಬೀದಿದೀಪದ ಬಗ್ಗೆ ದೂರು ಹಾಕಿದ್ದರು. ಜೊತೆಗಿದ್ದ ಫೋಟೊ ಪೂರ್ತಿ ಕಪ್ಪು.

"ಮಾಮಾ, ಇದರಲ್ಲಿ ಎಂತದೂ ಕಾಣೂದಿಲ್ಲ."

"ಅದೇ ದೂರು," ಎಂದರು ಮಾಮಾ.

ಕಂಬ ಕಾಣಬೇಕು, ಹಗಲಲ್ಲಿ ತೆಗೆದು ಕಳಿಸಿ ಎಂದೆ. ಬೆಳಿಗ್ಗೆ ಕಳಿಸಿದರು. ಬಿಸಿಲಲ್ಲಿ ಕಂಬ ಚೆಂದಾಗಿ ಕಂಡಿತು. ತುದಿಯಲ್ಲಿ ದೀಪ ಉರಿಯುತ್ತಿತ್ತು. ಟೈಮರು ಹಗಲು ರಾತ್ರಿ ಅದಲುಬದಲಾಗಿತ್ತಂತೆ. ಲೈನ್‌ಮನ್ ಎರಡೂ ಫೋಟೊ ನೋಡಿ ಅವತ್ತೇ ಸರಿಮಾಡಿದ. ಮಾಮಾ ಮಾತ್ರ ದೀಪವನ್ನು ಬಿಟ್ಟುಕೊಡಲಿಲ್ಲ: "ಪಾಪ, ನೈಟ್ ಡ್ಯೂಟಿ ಯಾರಿಗೆ ಬೇಕು."

ಹೊಸ ಗ್ಯಾಂಗು

ಕೆಲಸ ಮುಗಿದ ಮೇಲೆ ದೂರು ಕೊಟ್ಟವರ ಮೊಬೈಲಿಗೆ ಓಟಿಪಿ ಬರುತ್ತದೆ. ಅದನ್ನು ಕೆಲಸದವರಿಗೆ ಹೇಳಿದರೆ ಮಾತ್ರ ದೂರು ಮುಗಿದ ಲೆಕ್ಕ. ಇಲ್ಲದಿದ್ದರೆ ಅವರು ಕೆಲಸ ಮಾಡಿಯೇ ಇಲ್ಲ ಎಂದಾಗುತ್ತದೆ.

ಕಾರವಾರದ ಒಬ್ಬ ಅಜ್ಜಿಯ ಮನೆ ಮುಂದಿನ ಗಟಾರ ಕಟ್ಟಿಕೊಂಡು ಅಂಗಳಕ್ಕೆ ನೀರು ನುಗ್ಗುತ್ತಿತ್ತು. ನಮ್ಮವರು ಬಿಸಿಲಲ್ಲಿ ಬೆವರು ಸುರಿಸಿ ಚೊಕ್ಕ ಮಾಡಿದರು. ಅಜ್ಜಿಗೆ ಬಹಳ ಸಂತೋಷ. ಎಲ್ಲರಿಗೂ ಕೋಕಂ ಶರಬತ್ತು ಕೊಟ್ಟರು. ಓಟಿಪಿ ಮಾತ್ರ ಕೊಡಲಿಲ್ಲ. ಕೊನೆಗೆ ನಾನೇ ಹೋದೆ.

"ಅಜ್ಜಿ, ಆ ನಂಬರು ಹೇಳಿಬಿಡಿ. ಇಲ್ಲದಿದ್ದರೆ ಇವರ ಕೆಲಸ ನೀರುಪಾಲು."

"ತಮಾ, ಒಳಗೆ ಬಾ, ಚಾ ಕುಡಿ, ಬೇಕಾದರೆ ಊಟ ಮಾಡು. ಓಟಿಪಿ ಕೇಳಬೇಡ. ಯಾರು ಕೇಳಿದರೂ ಹೇಳಬಾರದು ಅಂತ ಮಹಿಳಾ ಸಂಘದ ಸಭೆಯಲ್ಲಿ ಒಬ್ಬರು ಹೇಳಿದಾರೆ."

"ಅದು ನಾನೇ ಅಜ್ಜಿ."

ಅಜ್ಜಿ ಕನ್ನಡಕ ಏರಿಸಿ ನನ್ನನ್ನು ನೋಡಿದರು. "ಹೌದು, ನೀನೇ. ‘ನಾನೇ ಬಂದು ಕೇಳಿದರೂ ಕೊಡಬೇಡಿ’ ಅಂತಲೂ ನೀನೇ ಹೇಳಿದ್ದೆ."

ಚಾ ಕುಡಿದು ಬರಿಗೈಯಲ್ಲಿ ಬಂದೆ. ಮರುದಿನ ಪೊಲೀಸ್ ಠಾಣೆಯಿಂದ ಫೋನು. "ನಿಮಗೇನಾದರೂ ಗೊತ್ತಾ ನೋಡಿ ಸರ್. ಒಬ್ಬರು ಅಜ್ಜಿ ಬಂದು ಹೇಳಿ ಹೋದರು. ಮನೆ ಮುಂದಿನ ಗಟಾರ ಚೊಕ್ಕ ಮಾಡಿ ಓಟಿಪಿ ಕೇಳುವ ಹೊಸ ಗ್ಯಾಂಗು ಬಂದಿದೆಯಂತೆ."

ನಾನು ತಲೆ ತಗ್ಗಿಸಿ ನಡೆದದ್ದೆಲ್ಲ ಹೇಳಿದೆ. ಠಾಣೆಯವರು ದನಿ ತಗ್ಗಿಸಿ ಕೇಳಿದರು:

"ಆ ಗ್ಯಾಂಗನ್ನು ನಮ್ಮ ಕ್ವಾರ್ಟರ್ಸ್ ಕಡೆಗೂ ಒಮ್ಮೆ ಕಳಿಸ್ತೀರಾ ಸರ್?"