ಹತ್ತಿ ತುಂಬಿದ ಡಬಲ್ ಗಾಡಿ

ಸ್ನಾನ ಮಾಡಿ ಹಣೆಗೆ ವಿಭೂತಿ ಹಚ್ಚಿಕೊಂಡ ಮೇಲೆ, ಬೆರಳಿನಲ್ಲಿ ಉಳಿದದ್ದರಿಂದ ಲ್ಯಾಪ್‌ಟಾಪಿನ ಬೆನ್ನಿಗೂ ಒಂದು ಗೆರೆ ಎಳೆಯದೆ ದ್ರಾಕ್ಷಾಯಣಮ್ಮ ಎಂದೂ ಕೆಲಸಕ್ಕೆ ಕೂತವರಲ್ಲ.

"ಅದಕ್ಕೂ ದೀಕ್ಷೆ ಆತೇನು?" ಎಂದು ಗಂಡ ರವಿಚಂದ್ರ ಕೆಣಕಿದರು.

"ನಗ್ರಿ, ನಗ್ರಿ. ಇವತ್ತು ಹರಿಹರದ ಮಕ್ತುಮ್ ಸಾಬ್ರ ವೆಬ್‌ಸೈಟು ಶುರು ಆಗತೈತೆ. ಇಡೀ ದಾವಣಗೆರೆ ಮೂಗಿನ ಮೇಲೆ ಬೆರಳಿಡಬೇಕು!"

ಮಕ್ತುಮ್ ಸಾಬರದು ಮೂರು ತಲೆಮಾರಿನ ಹತ್ತಿ ಗಾದಿ ಅಂಗಡಿ. ದ್ರಾಕ್ಷಾಯಣಮ್ಮನಿಗೆ ಹೊರಗಿನವರು ನಂಬಿ ಕೊಟ್ಟ ಮೊದಲ ಕೆಲಸ ಅದು. "ಒಂದು ವಾರ ನೋಡ್ತೀನಿ ಅಕ್ಕಾರೆ. ಗಿರಾಕಿ ಬರ್ಲಿಲ್ಲಾಂದ್ರೆ ವೆಬ್‌ಸೈಟ್ ಕಂಪನಿಯವರಿಗೆ ಕೊಡ್ತೀನಿ" ಎಂದು ಸಾಬರು ಮೊದಲೇ ಹೇಳಿದ್ದರು.

ವೆಬ್‌ಸೈಟಿನ ಕೋಡು ಓಪನ್ ಸೋರ್ಸು. ಆಕೆಯ ಪಾಲಿಗೆ ಅದು ದಾಸೋಹ! ಯಾರೋ ಪುಣ್ಯಾತ್ಮರು ಅಡುಗೆ ಮಾಡಿಟ್ಟಿದ್ದಾರೆ, ಯಾರು ಬೇಕಾದರೂ ಬಡಿಸಿಕೊಳ್ಳಬಹುದು. ಆದರೆ ನಮ್ಮ ಬಾಯಿಗೆ ತಕ್ಕ ಉಪ್ಪು ಖಾರ ಹಾಕಲು ಕೈ ಪಳಗಿರಬೇಕು. ಎರಡು ವರ್ಷ ಮೊಬೈಲಿನಲ್ಲಿ ಪಾಠ ಕೇಳಿ ಕೇಳಿ ಪಳಗಿಸಿದ ಕೈ ಅದು. ಬಣ್ಣ ಬದಲಾಯಿತು, ಅಕ್ಷರ ಕನ್ನಡವಾಯಿತು, ವಿದೇಶದ ಸೋಫಾ ಕೂತಿದ್ದ ಜಾಗದಲ್ಲಿ ಸಾಬರ ಗಾದಿ ಹಾಸಿಕೊಂಡಿತು.

ಕೊನೆಗೆ ಒಂದೇ ಒಂದು ತಪ್ಪು ಕಣ್ಣಿಗೆ ಬಿತ್ತು: ‘ಸರಕನ್ನು ನಮ್ಮ ಗಾದಿಯಲ್ಲೇ ಮನೆಗೆ ತಲುಪಿಸುತ್ತೇವೆ.’

ಗಾಡಿ ಗಾದಿಯಾಗಿತ್ತು. ಒಂದಕ್ಷರಕ್ಕಾಗಿ ಅಷ್ಟುದ್ದದ ಕೋಡನ್ನು ಹುಡುಕುವವರು ಯಾರು? ‘ಗಾದಿ’ ಇದ್ದಲ್ಲಿ ‘ಗಾಡಿ’ ಎಂದು ಕೊಟ್ಟು, ‘ಎಲ್ಲ ಬದಲಿಸು’ ಗುಂಡಿ ಒತ್ತಿ, ರೊಟ್ಟಿ ತಟ್ಟಲು ಎದ್ದರು.

ಎಲ್ಲವೂ ಬದಲಾಯಿತು!

ಮಧ್ಯಾಹ್ನದೊಳಗೆ ಸಾಬರ ಫೋನಿಗೆ ಪುರುಸೊತ್ತಿಲ್ಲ. ಹತ್ತಿ ಹಿಂಜುವ ಯಂತ್ರದ ಗದ್ದಲದಲ್ಲಿ ಅವರಿಗೆ ಗಾಡಿ ಎಂದರೂ ಗಾದಿ ಎಂದೇ ಕೇಳಿಸುತ್ತಿತ್ತು.

"ನಾನು ಕೊಕ್ಕನೂರಿನಿಂದ್ರಿ. ಡಬಲ್ ಗಾಡಿ ಇಷ್ಟು ಸೋವಿನಾ? ಎಷ್ಟು ಬಾಳಿಕೆ ಬರತೈತೆ?"

"ಹತ್ತು ವರ್ಷ ಕುಗ್ಗಂಗಿಲ್ರಿ!"

"ಟ್ರಯಲ್ ನೋಡಬೌದಾ?"

"ಹೆಂಡ್ತಿ ಮಕ್ಕಳನ್ನೂ ಕರ್ಕಂಡು ಬರ್ರಿ, ಎಲ್ಲಾರೂ ಮಲಗಿ ನೋಡ್ರಿ!"

ಸಾರಥಿ ಊರಿನಿಂದ ಬಂದ ಇಬ್ಬರು ಹೆಲ್ಮೆಟ್ ಹಿಡಿದೇ ಒಳಗೆ ನುಗ್ಗಿ, "ಪೆಟ್ರೋಲಾ, ಕರೆಂಟಾ?" ಎಂದಾಗ ಸಾಬರು ಮೊದಲ ಸಲ ವೆಬ್‌ಸೈಟ್ ತೆರೆದು ನೋಡಿದರು. ‘ಹಳೆ ಗಾಡಿ ತನ್ನಿ, ಹೊಸ ಹತ್ತಿ ತುಂಬಿಕೊಡುತ್ತೇವೆ!’

ಸಾಬರ ಫೋನು ಬಂದದ್ದೇ ತಡ, ದ್ರಾಕ್ಷಾಯಣಮ್ಮ ಲ್ಯಾಪ್‌ಟಾಪ್ ಅವಚಿಕೊಂಡು ಹರಿಹರದ ಬಸ್ಸು ಹತ್ತಿದರು. ಕೆಲಸ ಕೈತಪ್ಪಿತೆಂದು ದಾರಿಯುದ್ದಕ್ಕೂ ಶಿವನಾಮ. ಅಂಗಡಿಯಲ್ಲಿ ನೋಡಿದರೆ ಏಳು ಜನ ಗಾಡಿ ಗಿರಾಕಿಗಳು ಗಾದಿಗಳ ಮೇಲೆ ಆರಾಮವಾಗಿ ಕಾಲು ಚಾಚಿದ್ದಾರೆ!

ಆಕೆ ಅಲ್ಲೇ ಕೂತು ‘ಗಾಡಿ’ಗೆ ‘ಗಾದಿ’ ಕೊಟ್ಟು, ಮತ್ತೆ ‘ಎಲ್ಲ ಬದಲಿಸು’ ಒತ್ತಿದರು. ಎರಡೇ ಸೆಕೆಂಡು.

"ನೋಡಿದ್ರಾ? ಕಂಪನಿಯವರಿಗೆ ಮೂರು ದಿನ ಬೇಕಾಗ್ತಿತ್ತು!"

"ಖರೇ ಐತೆ ಅಕ್ಕಾರೆ. ಬಂದ ಏಳರಾಗೆ ಐದು ಮಂದಿ ಗಾದಿ ಕೊಂಡ್ರು. ಇನ್ನು ಕೆಲಸ ನಿಮ್ಮದೇ!"

ದ್ರಾಕ್ಷಾಯಣಮ್ಮನ ಕುತ್ತಿಗೆ ಎರಡಂಗುಲ ಉದ್ದವಾಯಿತು. ಬಸ್ಸಿಗೆಂದು ಎದ್ದರು. ಸಾಬರು ನಗು ತಡೆಯಲಾರದೆ ಮೊಬೈಲನ್ನು ಅವರ ಕಡೆ ತಿರುಗಿಸಿದರು.

"ಬಸ್ಸು ಯಾಕ್ರಿ? ಇಲ್ಲೇ ಬರದೈತಲ್ಲ, ನಮ್ಮ ಗಾದಿಯಲ್ಲೇ ಮನೆಗೆ ತಲುಪಿಸ್ತೀವಿ, ಕೂಡ್ರಿ!"

ಹಳೆಯ ತಪ್ಪು ಮತ್ತೆ ತನ್ನ ಜಾಗದಲ್ಲೇ ಬಂದು ಕೂತಿತ್ತು.

"ಬ್ಯಾಡ್ರಿ ಸಾಬ್ರೆ," ಎಂದರು ದ್ರಾಕ್ಷಾಯಣಮ್ಮ, ಲ್ಯಾಪ್‌ಟಾಪಿನ ವಿಭೂತಿ ಅಳಿಸಿಹೋಗದಂತೆ ಸೆರಗು ಮುಚ್ಚುತ್ತಾ. "ಬಸ್ಸಿಗೇ ಹೋಗ್ತೀನಿ. ದಾವಣಗೆರೆ ಮುಟ್ಟೋದ್ರೊಳಗೆ ಆ ಒಂದು ಅಕ್ಷರಾನ ಕೈಯಿಂದಾನೇ ತಿದ್ದಬೇಕು."