ಕುದುರೆ ಮಾಂಸಕ್ಕೆ ನೀಲಿ ಮುದ್ರೆ ಒತ್ತುವ ಡಾಕ್ಟರಿಗೆ

ಮಾನ್ಯ ಪಶುವೈದ್ಯ ದೌರೆನ್ ಅವರೇ,

ತಮ್ಮ ಮನೆಮಂದಿಯೂ ದನಕರುಗಳೂ ಕುಶಲವೇ ಎಂದು ನಮ್ಮ ಕಜಕ್ ಕ್ರಮದಂತೆ ಮೊದಲು ವಿಚಾರಿಸಿ, ಸಂತೆಯ ಮಾಂಸಕ್ಕೆಲ್ಲ ತಿನ್ನಲು ಯೋಗ್ಯವೆಂದು ನೀಲಿ ಮುದ್ರೆ ಒತ್ತುವ ತಮ್ಮ ಬಲಗೈಗೆ ಬೇರೆಯಾಗಿಯೇ ಒಂದು ನಮಸ್ಕಾರ ಸಲ್ಲಿಸಿ, ಕುಲ್ಯಾಶ್ ಎಂಬ ಗೃಹಿಣಿ ಊರೆಲ್ಲ ಓದಲೆಂದೇ ಬರೆಯುವ ಪತ್ರವಿದು.

ಚಳಿಗಾಲದ ಮಾಂಸಕ್ಕೆ ಎಲ್ಲರೂ ಹುಲ್ಲುಗಾವಲಲ್ಲಿ ಮೇದು ಕೊಬ್ಬಿದ ಕುದುರೆ ಕಡಿದರೆ, ನನ್ನ ಯಜಮಾನರಿಗೆ ಮಾತ್ರ ನೆಂಟರ ಮುಂದೆ ಮೀಸೆ ತಿರುವಲು ಓಟದಲ್ಲಿ ಗೆದ್ದ ಕುದುರೆಯೇ ಬೇಕಿತ್ತು, ಅದನ್ನೇ ತಂದು ಕಡಿಸಿದರು. ಕಾಲು ಉಳುಕಿದ್ದ ಆ ಬಡಪ್ರಾಣಿ ನೋವು ಮರೆತು ಓಡುವಂತೆ ಓಟದ ಕಾಲವಿಡೀ ಸೂಜಿಮದ್ದು ಚುಚ್ಚಿದವರು ತಾವೇ ಎಂದು ಈಗ ತಿಳಿಯಿತು. ಆ ಮದ್ದು ಹಾಕಿಸಿಕೊಂಡ ಕುದುರೆಯನ್ನು ತಿನ್ನಲೇಬಾರದು, ಕುದಿಸಿದರೂ ಅದು ಮಾಂಸ ಬಿಟ್ಟು ಹೋಗುವುದಿಲ್ಲ, ಕೆಲವರಿಗೆ ರಕ್ತವೇ ಕೆಡುತ್ತದೆ ಎಂದು ಪಟ್ಟಣದ ವೈದ್ಯೆ ಹೇಳುತ್ತಾರೆ. ಚುಚ್ಚಿದ ಕೈಯೇ ಮುದ್ರೆಯನ್ನೂ ಒತ್ತಿದ್ದರಿಂದ ಸರ್ಕಾರಕ್ಕೆ ಎರಡನೇ ಕೈಯ ಸಂಬಳ ಉಳಿಯಿತು.

ನಮ್ಮ ಮನೆಯಲ್ಲಿ ಆ ಮಾಂಸದ ಔತಣವಾದಾಗ ತಮ್ಮನ್ನು ಗೌರವದ ಜಾಗದಲ್ಲಿ ಕೂರಿಸಿ, ಕರುಳಿನೊಳಗೆ ಕುದುರೆಯ ಪಕ್ಕೆಲುಬಿನ ಮಾಂಸ ತುಂಬಿ ಬೇಯಿಸಿದ ಕಜಿಯ ದಪ್ಪ ತುಂಡನ್ನೇ ಬಡಿಸಿದೆ. ತಾವು ಎದೆಯ ಮೇಲೆ ಕೈಯಿಟ್ಟು, "ಹೊಟ್ಟೆ ಯಾಕೋ ಸರಿ ಇಲ್ಲ ಕುಲ್ಯಾಶಕ್ಕ, ಚಾ ಸಾಕು ಬಿಡಿ" ಎಂದಿರಿ. ಯಜಮಾನರು, "ಗೆದ್ದ ಕುದುರೆ ಕಣೋ, ಒಂದು ತುಂಡು ತಿಂದು ನೋಡು, ನಿನ್ನ ಹೊಟ್ಟೇನೂ ಓಡುತ್ತೆ" ಎಂದು ಛೇಡಿಸಿದರು. ನಾವೆಲ್ಲ ನಕ್ಕೆವು. ಹೊರಡುವಾಗ ಪದ್ಧತಿಯಂತೆ ಮಕ್ಕಳಿಗೆಂದು ಔತಣದ ಪಾಲು ಕಟ್ಟಿಕೊಟ್ಟೆ, ತಮ್ಮನ್ನು ಕರೆಯಲು ಬಂದಿದ್ದ ತಮ್ಮ ಪುಟ್ಟ ಮಗ ಅಲ್ಲೇ ಗಂಟು ಬಿಚ್ಚಿ ಬಾಯಿಗಿಟ್ಟ. ತಾವು ಅವನ ಕೈಗೆ ಹೊಡೆದು, "ಉಗುಳೋ, ಅದನ್ನ ತಿನ್ಬೇಡ" ಎಂದಿರಿ. ಮನೆ ತುಂಬ ಇದ್ದ ನೆಂಟರು ತಮ್ಮ ತಮ್ಮ ಗಂಟುಗಳನ್ನು ಒಬ್ಬೊಬ್ಬರಾಗಿ ಕೆಳಗಿಟ್ಟರು.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಮುದ್ರೆಯ ಕೆಲಸದಿಂದ ತಾವು ವಿಶ್ರಾಂತಿ ಪಡೆದು, ಆ ಹುದ್ದೆಗೆ ತಮ್ಮ ಮಗನನ್ನೇ ನೇಮಿಸಬೇಕು. ಅವನು ಸಂತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಹೋಗಿ ಪ್ರತಿ ಮಾಂಸದ ಮುಂದೆಯೂ ಬಾಯಿ ತೆರೆದು ನಿಲ್ಲಲಿ, ತಾವು ಹಿಂದೆಯೇ ಇರಿ. ತಾವು ಎಲ್ಲಿ ಅವನ ಕೈ ಹಿಡಿಯುವುದಿಲ್ಲವೋ ಅಲ್ಲಿ ನಾವು ಕಣ್ಣು ಮುಚ್ಚಿ ಮಾಂಸ ಕೊಳ್ಳುತ್ತೇವೆ.

ಆ ಸಂಜೆಯವರೆಗೂ ತಮ್ಮ ಮುದ್ರೆಯನ್ನು ನಂಬಿದ್ದ,
ತಮ್ಮ ವಿಶ್ವಾಸಿ
ಕುಲ್ಯಾಶ್

ತಾ.ಕ.: ಚೊಚ್ಚಲ ಬಸುರಿಯಾದ ನನ್ನ ಸೊಸೆ ಮೆರುಯೆರ್ತ್‌ಗೆ ಕಜಿಯ ಬಯಕೆಯಾಗಿತ್ತು, ಬಸುರಿಯ ಬಯಕೆಗೆ ನಮ್ಮಲ್ಲಿ ಯಾರೂ ಇಲ್ಲವೆನ್ನುವುದಿಲ್ಲ. ತಾವು ಮಗನ ಕೈಗೆ ಹೊಡೆಯುವ ಹೊತ್ತಿಗೆ ಅವಳ ತಟ್ಟೆ ಖಾಲಿಯಾಗಿತ್ತು. ರಕ್ತಪರೀಕ್ಷೆಗೆ ಕೊಟ್ಟಿದ್ದೇವೆ, ಏನೂ ಆಗದೆಯೂ ಇರಬಹುದು ಎನ್ನುತ್ತಾರೆ, ನನಗಂತೂ ನಿದ್ದೆಯಿಲ್ಲ. ಹಿರಿಯರು ಕಿರಿಯರಿಗೆ ತಿನ್ನಿಸುವ ವಾಡಿಕೆಯಂತೆ ಮೊದಲ ತುಂಡನ್ನು ಅವಳ ಬಾಯಿಗಿಟ್ಟದ್ದು ನನ್ನ ಕೈ, ಆಗ ತಾವು ಎದುರಿಗೇ ಕೂತು ಚಾ ಊದಿ ಆರಿಸಿಕೊಳ್ಳುತ್ತಿದ್ದಿರಿ.